ಆರಿಸಿದ ಬೇಳೆಗೆ ಮತ್ತೆ ಹರಳು

ಸುಮ್ಮನೆ ಕೂರುವುದು ನನಗೆ ಬರುವುದಿಲ್ಲ. ಮೊಮ್ಮಕ್ಕಳೇ, ಇದನ್ನು ಜಂಬದಿಂದ ಹೇಳುತ್ತಿಲ್ಲ. ಈಜು ಬಾರದವರು ಭೀಮಾ ದಂಡೆಯಲ್ಲಿ ನಿಂತು ಹೇಳುವ ಹಾಗೆ ಹೇಳುತ್ತಿದ್ದೇನೆ. ನಮ್ಮ ಓಣಿಯಲ್ಲಿ ಹೆಂಗಸು ಕಟ್ಟೆಯ ಮೇಲೆ ಕೂರಬಹುದು, ಆದರೆ ತೊಡೆಯ ಮೇಲೆ ಮೊರ ಇರಬೇಕು. ಬರಿಗೈಯಲ್ಲಿ ಕೂತರೆ ಒಂದೋ ಜ್ವರ, ಇಲ್ಲವೇ ಸೊಕ್ಕು.

ನನ್ನ ಬಿ.ಪಿ. ಗುಳಿಗೆ ಒಂದಿದ್ದದ್ದು ಎರಡಾಯಿತು. ಇನ್ನೂ ಇಳಿಯದಿದ್ದರೆ ಕಷ್ಟ ಎಂದರು ಅಫಜಲಪುರದ ಡಾಕ್ಟರು. ಆಗ ನಿಮ್ಮ ಅಕ್ಕ ಸವಿತಾ, ನರ್ಸಿಂಗ್ ಓದುವವಳು, ರಜೆಗೆ ಬಂದು ನನ್ನ ನಾಡಿ ಹಿಡಿದು ಕೂತಳು.

"ಆಯಿ, ಮೈಯಾಗ ಎರಡು ಥರದ ನರ ಅದಾವ. ಒಂದು ಓಡಸ್ತದ, ಇನ್ನೊಂದು ನೊಗ ಇಳಸ್ತದ. ಇಳಸೂದಕ್ಕ ಪ್ಯಾರಾಸಿಂಪಥೆಟಿಕ್ ಅಂತಾರ."

"ಇಷ್ಟುದ್ದ ಹೆಸರು ಹೇಳೂದ್ರಾಗ ಇದ್ದ ದಣಿವು ಹೆಚ್ಚಾಗತದಲ್ಲಬೇ!"

ಆ ನರ ಕೆಲಸ ಮಾಡಿದರೆ ಎದೆಬಡಿತ ನಿಧಾನವಾಗುತ್ತದಂತೆ, ಉಂಡದ್ದು ಅರಗುತ್ತದಂತೆ, ಮೈ ತನ್ನ ಹರಕನ್ನು ತಾನೇ ಹೊಲಿದುಕೊಳ್ಳುತ್ತದಂತೆ. ಅದನ್ನು ಕರೆಯಲು ದಿನಾ ಮಧ್ಯಾಹ್ನ ಬರಿಗೈಯಲ್ಲಿ ಕೂತು, ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಉಸಿರು ಬಿಡಬೇಕು. ಗುಳಿಗೆಯನ್ನೂ ಬಿಡುವಂತಿಲ್ಲ.

ಕೂತೆ. ಎದುರು ಮನೆಯ ಗುರಮ್ಮ ಹಾದು ಹೋಗುತ್ತ ನಿಂತಳು. "ಯಾಕ್ರೀ ಅಕ್ಕಾ, ಆರಾಮಿಲ್ಲೇನು? ಹಂಗ್ಯಾಕ ಕುಂತೀರಿ?" ನಾಚಿಕೆಯಾಗಿ ಒಳಗಿನಿಂದ ಮೊರ ತಂದೆ. ಅದರಲ್ಲಿದ್ದ ತೊಗರಿಬೇಳೆ ಆಗಲೇ ಆರಿಸಿದ್ದು. ಅದನ್ನೇ ಆರಿಸಿದೆ. ಮೂರನೇ ದಿನ ಬೇಳೆಯಲ್ಲಿ ತೆಗೆಯಲು ಏನೂ ಉಳಿಯದೆ, ಹಿಂದೆ ತೆಗೆದಿಟ್ಟ ಹರಳನ್ನೇ ಒಂದು ಚಿಟಿಕೆ ಮತ್ತೆ ಬೆರೆಸಿದೆ. ವಿಶ್ರಾಂತಿಗಾಗಿ ಇಷ್ಟು ದುಡಿದವರು ತಾಲೂಕಿನಲ್ಲಿ ಇರಲಿಕ್ಕಿಲ್ಲ.

ಭಾನುವಾರ ಊಟಕ್ಕೆ ಕೂತ ಸವಿತಾ ಕಟಕ್ಕನೆ ಕಡಿದಳು. ಅಂಗೈಯಲ್ಲಿ ಹರಳು, ಅದರ ಪಕ್ಕ ಹಲ್ಲಿನ ಚೂರು. ನಿಜ ಹೇಳಬೇಕಾಯಿತು. ಅವಳು ನಗಲಿಲ್ಲ.

"ಯಾರಿಗೆ ಅಂಜತಿ ಆಯಿ? ಬೈಯೋರು ಯಾರದಾರ ಈಗ?"

ಯಾರೂ ಇಲ್ಲ. ನಿಮ್ಮ ಅಜ್ಜ ಒಂದು ದಿನವೂ ಬೈದವರಲ್ಲ. ಬೈದವಳು ನಾನು. ಅವರು ತೀರಿಕೊಂಡ ವರ್ಷ, ಒಂದು ಮಧ್ಯಾಹ್ನ ಹೊಲದಲ್ಲಿ ಕುಂಟೆ ಹೊಡೆದು ಹರಗಿ ಬಂದು ಇದೇ ಕಟ್ಟೆಯ ಮೇಲೆ ಕಣ್ಣು ಮುಚ್ಚಿ ಕೂತರು. "ಸ್ವಲ್ಪ ಕುಂದರತೇನಿ, ತಡಿ" ಎಂದರು.

"ಕುಂತ್ರ ಹೊಲ ತಾನೇ ಹರಗತದೇನ್ರೀ?" ಎಂದೆ.

ಎದ್ದು ಚಪ್ಪಲಿ ಮೆಟ್ಟಿದರು. ಅವರ ಎದೆ ನಿಂತದ್ದು ಅದಾದ ಎರಡು ತಿಂಗಳಿಗೆ. ಆ ಮಾತಿಗೂ ಇದಕ್ಕೂ ಸಂಬಂಧವಿಲ್ಲ ಎನ್ನುತ್ತಾಳೆ ಸವಿತಾ. ಅವಳು ಓದಿದವಳು; ನಂಬಲು ನೋಡುತ್ತೇನೆ.

ನಿನ್ನೆ ಮೊರವನ್ನು ಒಳಗೇ ಬಿಟ್ಟು ಬಂದೆ. ಗುರಮ್ಮ ನೋಡಿದಳು, ನೋಡಲಿ. ಪಕ್ಕದಲ್ಲಿ ನಿಮ್ಮ ಅಜ್ಜ ಕೂರುವಷ್ಟು ಜಾಗ ಬಿಟ್ಟು ಕೂತು, ಉಸಿರು ಬಿಡುತ್ತ ಎಣಿಸಿದೆ. ನಾಲ್ಕಕ್ಕೆ ಬರುವಷ್ಟರಲ್ಲಿ ಯಾರೋ ಗದರಿದಂತಾಯಿತು: "ಕುಂತ್ರ ಹೊಲ ತಾನೇ ಹರಗತದೇನ್ರೀ?"

ದನಿ ನನ್ನದೇ. ಈ ಸಲ ನಾನು ಏಳಲಿಲ್ಲ. ಕಾಲು ಮಾತ್ರ ಆಗಲೇ ಚಪ್ಪಲಿ ಹುಡುಕುತ್ತಿತ್ತು.