ಸಿಸಿ, ಡಿಕ್ಕಿ, ಟವಲು

ಮಾರ್ಚ್ ಹತ್ತು. ಬೆಳಗಿನಿಂದಲೇ ಬಿಸಿಲು, ಗಾಳಿ ಇಲ್ಲ.

ಹಳೆ ಕಾರು ಹುಡುಕಲು ಹೊರಟವನನ್ನು ನಗೆಯ ಪ್ರಸಂಗಗಳು ತಾವೇ ಹುಡುಕಿಕೊಂಡು ಬರುತ್ತವೆ. ಹೆಂಡತಿಯ ಮೊಣಕಾಲಿಗೆ ಆಪರೇಶನ್ ಆಗಿತ್ತು. ವಾರವಾರ ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗಿ ವ್ಯಾಯಾಮ ಮಾಡಿಸಿಕೊಳ್ಳದಿದ್ದರೆ ಕಾಲು ಮಡಚಲು ಬರುವುದಿಲ್ಲ ಎಂದಿದ್ದರು ಡಾಕ್ಟರು. ಬಸ್ಸಿನ ಮೆಟ್ಟಿಲು ಅವಳಿಗೆ ಆಗದು. ನನ್ನದು ಪುಸ್ತಕದಂಗಡಿ, ಓದುವುದೊಂದು ಗೊತ್ತು. ಎರಡು ಹಳೆ ಸಣ್ಣ ಕಾರುಗಳ ಗುಣಾವಗುಣ ಓದಿ ಬಾಯಿಪಾಠ ಮಾಡಿದೆ. ಮಸ್ಕಿಯಲ್ಲಿದ್ದದ್ದು ಕೆಂಪು, ಎಂಟುನೂರು ಸಿಸಿ. ಮುಕ್ಕುಂದದ್ದು ಬಿಳಿ, ಸಾವಿರ ಸಿಸಿ. ಹೆಂಡತಿಯ ಜೊತೆ ಸಾಲಗುಂದದ ಮಾವನವರನ್ನೂ ಕರೆದುಕೊಂಡು ಆಟೋದಲ್ಲಿ ಹೊರಟೆವು. ಎತ್ತಿನ ವ್ಯಾಪಾರದಲ್ಲಿ ಅವರದು ಪಳಗಿದ ಕೈ.

ಸಿಸಿ

"ಎಂಟುನೂರು ಸಿಸಿ ರೀ. ಆವರೇಜು ಇಪ್ಪತ್ತು ಕೊಡ್ತೈತಿ," ಎಂದ ಮಸ್ಕಿಯ ದಲ್ಲಾಳಿ.

"ಸಿಸಿ ಮ್ಯಾಲ ಯಾವ ಗಾಡಿ ಓಡಂಗಿಲ್ಲೋ?" ಎಂದರು ಮಾವ. "ನಮ್ಮ ಕಾಲುವಿ ದಂಡಿಗೆ ಬರೇ ಮಣ್ಣಿನ ರಸ್ತಾ. ಅಲ್ಲಿ ಎಷ್ಟು ಕೊಡ್ತೈತಿ, ಅದನ್ನ ಹೇಳು."

ಅದು ಸಿಸಿ ರಸ್ತೆಯಲ್ಲ, ಇಂಜಿನ್ನಿನ ಸಿಸಿ ಎಂದು ನಾನು ಬಿಡಿಸಿ ಹೇಳಿದೆ.

ಮಾವ ಬಾನೆಟ್ ಎತ್ತಿಸಿ ಇಣುಕಿದರು. "ಇಂಜಿನ್ನಿಗೂ ಸಿಮೆಂಟ್ ಬಡಿದಾರೇನು?"

ಡಿಕ್ಕಿ

ನಾನು ಸಾಮಾನಿಡುವ ಜಾಗ ವಿಚಾರಿಸಿದೆ: "ಡಿಕ್ಕಿ ದೊಡ್ಡದೈತೇನು?"

ದಲ್ಲಾಳಿಯ ಮುಖ ಸಣ್ಣಗಾಯಿತು. "ಯಾರು ಹೇಳಿದ್ರಿ ನಿಮಗ? ಭಾಳ ಸಣ್ಣ ಡಿಕ್ಕಿ ರೀ. ಎಮ್ಮಿ ತಾನ ಅಡ್ಡ ಬಂತು. ಈಗೂ ಹಾಲು ಕೊಡಾಕತ್ತೈತಿ."

ಅಷ್ಟರಲ್ಲಿ ಹೆಂಡತಿ ಒಳಗೆ ಕುಳಿತಾಗಿತ್ತು. ಕಾರು ತಗ್ಗು, ಏಳಲಾಗಲಿಲ್ಲ. ಮೂವರೂ ಸೇರಿ ಎಳೆದೆವು.

"ಎಳೀಬ್ಯಾಡ್ರಿ," ಎಂದಳು. "ಕಾರು ಮಾರಿದ ಮ್ಯಾಲ ಹೊಸ ಮಾಲಕ ಇಳಿಸ್ತಾನ."

ಟವಲು

ಮುಕ್ಕುಂದದ ಬಿಳಿ ಕಾರಿಗೆ ಸಾವಿರ ಸಿಸಿಯಾದರೂ ಪಿಕಪ್ಪು ಕಡಿಮೆ, ಪೆಟ್ರೋಲು ಹೆಚ್ಚು. ಓದಿದ ಪ್ರಕಾರ ಕೆಂಪಿನದೇ ಗೆಲುವು. ಆದರೆ ಬಿಳಿಯದರ ಸೀಟು ಎತ್ತರ. ಹೆಂಡತಿ ತಾನೇ ಕುಳಿತಳು, ತಾನೇ ಎದ್ದಳು. ಯಾರೂ ನಂಬಲಾರರೇನೋ ಎಂಬಂತೆ ಮತ್ತೊಮ್ಮೆ ಕುಳಿತು ತೋರಿಸಿದಳು. ನನ್ನ ಲೆಕ್ಕವೆಲ್ಲ ಅಲ್ಲಿಗೆ ಮುಗಿಯಿತು.

ಮಾಲೀಕರು ವಯಸ್ಸಾದ ರೈತರು. "ಎಪ್ಪತ್ತು ಸಾವಿರ," ಎಂದರು. ಮಾವ ಚೌಕಾಶಿಗೆ ಮುನ್ನ ಕಾರಿನ ಕೆಳಗೆ ತೂರಿ ಪರೀಕ್ಷೆಗಿಳಿದಿದ್ದರು. ಹಿರಿಯರು ಕೈಮೇಲೆ ಟವಲು ಹೊದಿಸಿ ನನ್ನತ್ತ ಚಾಚಿದರು. ಕೈ ಕುಲುಕಲು ಇರಬೇಕೆಂದು ನಾನೂ ನಮಸ್ಕಾರ ಎನ್ನುತ್ತ ಟವಲಿನೊಳಗೆ ಕೈ ಹಾಕಿ, ಅವರ ಐದೂ ಬೆರಳು ಗಟ್ಟಿಯಾಗಿ ಹಿಡಿದೆ.

ಅವರು ನನ್ನ ಮುಖ ನೋಡಿದರು. ಕಾರಿನಲ್ಲಿ ಕುಳಿತ ಹೆಂಡತಿಯನ್ನು ನೋಡಿದರು. ನಕ್ಕರು. "ಆತು, ಒಯ್ರಿ."

ಮಾವ ಕೆಳಗಿನಿಂದಲೇ ಇಣುಕಿ, ಟವಲು ಕಂಡು ಕೂಗಿದರು: "ಎಷ್ಟು ಬೆರಳು ಹಿಡಿದ್ರಿ ಅಳಿಯಂದ್ರ? ಸಂತ್ಯಾಗ ಟವಲಿನೊಳಗ ಹಿಡಿದ ಬೆರಳಿಗೆ ಹತ್ತು ಸಾವಿರ!"

ನಾನು ಕೈ ಹಿಂದಕ್ಕೆಳೆದೆ. "ತಪ್ಪಾತ್ರಿ, ಈ ರಿವಾಜು ಗೊತ್ತಿರಲಿಲ್ಲ," ಎಂದೆ.

"ನಿಮಗ ಗೊತ್ತಿಲ್ಲ ಅನ್ನೂದು ನನಗ ಗೊತ್ತಾತು," ಎಂದರು ಹಿರಿಯರು. "ಆದ್ರ ಹಿಡಿದ ಕೈ ಹಿಡಿದಂಗ. ನಮ್ಮ ಮನ್ಯಾಗೂ ಮೊಣಕಾಲು ಅದಾವ ರೀ."

ಅವರಿಗೆ ಹೇಳಬೇಕಾದದ್ದು ಬಹಳವಿತ್ತು. ಹಣ ಎಣಿಸಿಕೊಟ್ಟು ಕೈ ಮುಗಿದೆ. ಅದಾದ ಮೇಲೆ ಒಂದು ವಾರವೂ ಲಿಂಗಸುಗೂರು ತಪ್ಪಿಲ್ಲ.

ಅಂದು ಕಾರು ಊರು ದಾಟಿದ ಮೇಲೆ ಹೆಂಡತಿ ಕೇಳಿದಳು: "ಕಡೀಕ ಎಷ್ಟು ಕೊಟ್ರಿ?"

"ಐವತ್ತು ಸಾವಿರ."

"ಇಪ್ಪತ್ತು ಇಳಿಸಿದ್ರಾ! ಅಂಥಾದ್ದು ಏನಂದ್ರಿ?"

"ನಮಸ್ಕಾರ ಅಂದೆ."