ಭಾವನ ಊರು ಪೊಂಪೈ

ನನ್ನ ಭಾವ ಒಮಾನಿನ ಸೊಹಾರ್‌ನಲ್ಲಿ ವಾಸವಾಗಿದ್ದಾರೆ ಎಂದು ಅವರ ರೆಸಿಡೆಂಟ್ ಕಾರ್ಡು ಹೇಳುತ್ತದೆ. ದಯವಿಟ್ಟು ನಂಬಬೇಡಿ! ಅವರು ನಿಜವಾಗಿ ಇರುವುದು ಪೊಂಪೈಯಲ್ಲಿ. ಇಟಲಿಯ ಆ ಊರು ಸುಮಾರು ಎರಡು ಸಾವಿರ ವರ್ಷಗಳ ಹಿಂದೆ, ವೆಸೂವಿಯಸ್ ಎಂಬ ಬೆಟ್ಟ ಸಿಡಿದಾಗ ಬೂದಿಯಡಿ ಹೂತುಹೋಯಿತು. ಹೂತದ್ದರಿಂದಲೇ ಬೀದಿ, ಅಂಗಡಿ, ಒಲೆಗಳ ಸಮೇತ ಇದ್ದ ಹಾಗೇ ಉಳಿಯಿತು. ನಾನು ಮೂರು ಸಾಲಿನಲ್ಲಿ ಮುಗಿಸಿಬಿಟ್ಟೆ ನೋಡಿ, ಭಾವನಿಗಾದರೆ ಇಷ್ಟಕ್ಕೇ ಎರಡು ಊಟ, ನಾಲ್ಕು ಚಹಾ ಬೇಕಾಗುತ್ತದೆ.

ಹಾಗಂತ ಅವರೇನು ಇತಿಹಾಸದ ಪ್ರೊಫೆಸರಲ್ಲ. ಉಡುಪಿ ಕಡೆಯವರು, ಅಲ್ಯೂಮಿನಿಯಂ ಕಾರ್ಖಾನೆಯಲ್ಲಿ ಇಂಜಿನಿಯರ್. ಹಗಲಿಡೀ ಕುದಿಯುವ ಲೋಹದ ಮುಂದೆ ನಿಂತವರಿಗೆ ಸಂಜೆಗಾದರೂ ತಂಪಾದ ವಿಷಯ ಬೇಡವೇ? ಇಲ್ಲ, ಮತ್ತೆ ಬೆಂಕಿಬೆಟ್ಟವೇ ಆಗಬೇಕು! ಕಂಪನಿ ಬಸ್ಸಿನಲ್ಲಿ ಅವರ ಪಕ್ಕದ ಸೀಟು ಯಾವಾಗಲೂ ಖಾಲಿ. ಹೊಸದಾಗಿ ಕೆಲಸಕ್ಕೆ ಸೇರಿದವರು ತಿಳಿಯದೆ ಕೂರುತ್ತಾರೆ, ಇಳಿಯುವಷ್ಟರಲ್ಲಿ ರೋಮನ್ನರ ಚರಂಡಿ ವ್ಯವಸ್ಥೆ ಅವರಿಗೆ ಬಾಯಿಪಾಠವಾಗಿರುತ್ತದೆ. ಪೇಶಾವರದ ಡ್ರೈವರ್ ಒಮ್ಮೆ ತಡೆಯಲಾರದೆ ಕೈಮುಗಿದನಂತೆ: “ಖಲಾಸ್ ಸಾಹಬ್! ಬಾಕಿ ಶಹರ್ ಕಲ್ ಜಲಾನಾ!” ಉಳಿದ ಊರನ್ನು ನಾಳೆ ಸುಡಿ ಎಂದರೆ ಸುಮ್ಮನಾಗುವ ಪೈಕಿಯೇ ನಮ್ಮ ಭಾವ?

ಅಕ್ಕ ಅಲ್ಲಿಯ ಇಂಡಿಯನ್ ಸ್ಕೂಲಿನಲ್ಲಿ ಗಣಿತದ ಟೀಚರ್. ಪೊಂಪೈ ಎಂಬ ಹೆಸರು ಕಿವಿಗೆ ಬಿದ್ದರೆ ಅವಳ ಮೈ ಉರಿಯುತ್ತದೆ. ನಾನು ಮಸ್ಕತ್ತಿನ ಹತ್ತಿರ ಅಲ್ ಅಮೇರಾತ್‌ನಲ್ಲಿರುವವಳು, ಶುಕ್ರವಾರ ರಜೆಯೆಂದು ಅವರ ಮನೆಗೆ ಹೋಗುವುದುಂಟು. ಅಂಥದೊಂದು ಶುಕ್ರವಾರ ಭಾವ, ಪೊಂಪೈಯ ಬೇಕರಿಯಲ್ಲಿ ಕರಕಲಾಗಿ ಸಿಕ್ಕ ರೊಟ್ಟಿಯನ್ನು ಕಣ್ಣಿಗೆ ಕಟ್ಟುವಂತೆ ವರ್ಣಿಸುತ್ತಿದ್ದರು.

“ಎಂಟು ಭಾಗ ಮಾಡ್ಲಿಕ್ಕೆ ಹಾಕಿದ ಗೆರೆ ಕೂಡ ಹಾಗೇ ಉಂಟು, ಗೊತ್ತುಂಟಾ? ಎಂತ ಚಂದ!”

ಅಡುಗೆಮನೆಯಿಂದ ಸಟ್ಟುಗದ ಸಮೇತ ಅಕ್ಕ ಹೊರಬಂದಳು. “ನನ್ನ ನೀರುದೋಸೆ ಒಂದು ಬದಿ ಕರಟಿದ್ರೆ ಮುಖ ಸಿಂಡರಿಸ್ತೀರಿ. ಆ ರೋಮಿನವ ಇಡೀ ರೊಟ್ಟಿ ಕರಟಿಸಿದ್ದಕ್ಕೆ ಮ್ಯೂಸಿಯಮ್ಮಾ?”

ಭಾವ ತಟ್ಟೆ ಮುಂದೆಳೆದುಕೊಂಡು, ಕರಟಿದ ಬದಿಯನ್ನೂ ಬಿಡದೆ ದೋಸೆ ತಿಂದರು.

ಇನ್ನೊಮ್ಮೆ ನಿಜ್ವಾ ಕಡೆ ಪಿಕ್ನಿಕ್ ಹೋಗಿದ್ದೆವು. ಖರ್ಜೂರದ ತೋಟದ ಅಂಚಿನಲ್ಲಿ ಜನ ಬಿಟ್ಟುಹೋದ ಮಣ್ಣಿನ ಮನೆಗಳಿದ್ದವು. ಭಾವನಿಗೆ ಮೈಮೇಲೆ ಬಂದಂತಾಯಿತು! ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ಒಂದು ಕುಸಿದ ಕಟ್ಟೆ ತೋರಿಸಿ, “ಇದು ಬಿಸಿ ಊಟದ ಅಂಗಡಿಯೇ ಇರ್ಬೇಕು. ಪೊಂಪೈಯಲ್ಲೂ ಹೀಗೇ ಇತ್ತು” ಎಂದು ಶುರುಮಾಡಿದರು. ಹಿಂದಿನಿಂದ ದಿಶ್ದಾಶಾ ಎಂಬ ಉದ್ದ ನಿಲುವಂಗಿ ತೊಟ್ಟ ಒಮಾನಿ ಅಜ್ಜನೊಬ್ಬ ಬಂದು ಎಲ್ಲವನ್ನೂ ಗಂಭೀರವಾಗಿ ಕೇಳಿಸಿಕೊಂಡ. ಆಮೇಲೆ ಮುರುಕು ಹಿಂದಿಯಲ್ಲಿ, ಅದು ತನ್ನ ಚಿಕ್ಕಪ್ಪನ ಆಡಿನ ಕೊಟ್ಟಿಗೆಯೆಂದೂ ತಾನು ಹುಟ್ಟಿದ್ದು ಅದರ ಪಕ್ಕದ ಕೋಣೆಯಲ್ಲೆಂದೂ ತಿಳಿಸಿದ! ಭಾವನ ಮರ್ಯಾದೆ ಉಳಿಸಲೋ ಏನೋ, ನಮಗೆಲ್ಲ ಕಾಫಿ, ಖರ್ಜೂರ ಕೊಟ್ಟೇ ಕಳಿಸಿದ.

ಇಷ್ಟೆಲ್ಲ ಇದ್ದರೂ ಭಾವ ಪೊಂಪೈಯನ್ನು ಕಣ್ಣಾರೆ ಕಂಡವರಲ್ಲ. ಒಂದು ವರ್ಷ ಮನೆ ಕಟ್ಟುವುದು, ಇನ್ನೊಂದು ವರ್ಷ ತಂಗಿಯ ಮದುವೆ, ಹೀಗೆ ಮುಂದೆ ಹೋಗುತ್ತಲೇ ಬಂತು. ಈ ವರ್ಷ ಅವರ ಕಂಪನಿಯ ಕರಾರು ಮುಗಿಯುತ್ತದೆ, ಆಮೇಲೆ ಗಂಟುಮೂಟೆ ಕಟ್ಟಿ ಊರಿಗೆ. ಸಂಬಳ ನಿಂತ ಮೇಲೆ ಇಟಲಿ ಎಲ್ಲಿಂದ ಬರಬೇಕು? ಹೋದರೆ ಈಗ, ಇಲ್ಲದಿದ್ದರೆ ಇಲ್ಲವೇ ಇಲ್ಲ ಎಂದು ಮಸ್ಕತ್ತಿನಿಂದ ಹೊರಡುವ ಒಂದು ಟೂರಿನಲ್ಲಿ ಇಬ್ಬರ ಹೆಸರನ್ನೂ ಬರೆಸಿದರು.

ವೀಸಾ ಕೌಂಟರಿನ ಹುಡುಗಿ ರೂಢಿಯಂತೆ, “ಹತ್ತು ದಿನ ಸಾಕಾ ಸರ್?” ಎಂದು ಕೇಳಿದಳಂತೆ. ಇವರು ಎದೆಯುಬ್ಬಿಸಿ, “ಸರಿಯಾಗಿ ನೋಡ್ಲಿಕ್ಕೆ ಒಂದು ಜನ್ಮ ಬೇಕು ಮೇಡಂ!” ಎಂದರಂತೆ. ಇಂಥ ಮನುಷ್ಯ ಒಳಗೆ ಹೋದರೆ ಹೊರಗೆ ಬಂದಾನೆಂದು ಯಾರು ತಾನೇ ನಂಬುತ್ತಾರೆ? ಅಕ್ಕನಿಗೆ ವೀಸಾ ಸಿಕ್ಕಿತು. ಭಾವನಿಗೆ ಸಿಗಲಿಲ್ಲ. ಕರಾರು ಮುಗಿಯುತ್ತ ಬಂದದ್ದೇ ಕಾರಣವಿರಬೇಕು, ಆದರೆ ಆ ಒಂದು ಜನ್ಮದ ಮಾತನ್ನು ಹೇಳಿ ನಗುವುದು ನಮಗೆ ಸುಲಭವಾಗಿತ್ತು. ಭಾವ ಮಾತ್ರ ನಗಲಿಲ್ಲ. ಬಸ್ಸಿನಲ್ಲಿ ಅವರ ಪಕ್ಕದ ಸೀಟಿನಲ್ಲಿ ಯಾರೋ ಧೈರ್ಯವಾಗಿ ಕೂತು ನಿದ್ದೆ ಮಾಡಿದರಂತೆ.

“ನೀವಿಲ್ಲದೆ ಆ ಸುಟ್ಟ ಊರಲ್ಲಿ ನನಗೆಂತ ಕೆಲಸ?” ಎಂದಳು ಅಕ್ಕ.

“ನೀನು ಹೋದ್ರೆ ನಾನು ಹೋದ ಹಾಗೆ. ಫೋನಿಲ್ವಾ? ಹೋಗು ಮಾರಾಯ್ತಿ.” ಹಾಗೆಂದು ಭಾವ ತಾವೇ ಕಪಾಟಿನ ಮೇಲಿಂದ ಅವಳ ಸೂಟ್‌ಕೇಸ್ ಇಳಿಸಿದರು.

ಅಕ್ಕ ಹೋದಳು. ಅವಳು ಪೊಂಪೈಗೆ ಕಾಲಿಡುವ ದಿನ ಭಾವ ಒಬ್ಬರೇ ಇರುವುದು ಬೇಡವೆಂದು ನಾನು ಸೊಹಾರ್‌ಗೆ ಬಂದೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಫೋನಿನ ಮುಂದೆ ಕೂತಿದ್ದರು! ವಿಡಿಯೋ ಶುರುವಾದದ್ದೇ ತಡ, ಅಕ್ಕನನ್ನು ಟೂರಿನ ಗುಂಪಿನಿಂದ ಬೇರೆ ಮಾಡಿ ತಾವೇ ನಡೆಸತೊಡಗಿದರು. “ನೇರ ಹೋಗು. ಗಾಡಿಚಕ್ರದ ಗುರುತು ಕಾಣ್ತದಾ? ಹಾಂ, ಈಗ ಎಡಕ್ಕೆ. ಬೀಸುವ ಕಲ್ಲು ಬರ್ತದೆ ನೋಡು.” ಅಕ್ಕ ಎಡಕ್ಕೆ ತಿರುಗಿದಳು. ಬೀಸುವ ಕಲ್ಲು ಬಂತು! ಒಮ್ಮೆಯೂ ಕಾಣದ ಊರಿನಲ್ಲಿ ಅವರಿಗೆ ಒಂದು ತಿರುವೂ ತಪ್ಪಲಿಲ್ಲ. “ಅಬ್ಬಾ, ನೀವು ಹೇಳಿದ್ದೆಲ್ಲ ನಿಜವೇ ಮಾರಾಯ್ರೆ!” ಎಂದು ಅಕ್ಕನೂ ಖುಷಿಯಲ್ಲಿ ಕೂಗಿದಳು.

ಕೊನೆಗೆ ಅವಳು ಒಂದು ಗಾಜಿನ ಪೆಟ್ಟಿಗೆಯ ಮುಂದೆ ನಿಂತಳು. ಬೂದಿಯಲ್ಲಿ ಸತ್ತವರ ದೇಹ ಕರಗಿ ಉಳಿದ ಟೊಳ್ಳಿಗೆ ಗಾರೆ ಸುರಿದು ತೆಗೆದ ಅಚ್ಚು ಅದು. ಯಾರೋ ಮುಖ ಮುಚ್ಚಿಕೊಂಡು ಮುದುಡಿ ಮಲಗಿದ್ದರು. ಅದರ ಮೇಲಿನ ಗಾಜಿನಲ್ಲಿ, ಫೋನು ಹಿಡಿದ ಅಕ್ಕನ ಪ್ರತಿಬಿಂಬ ಮೂಡಿತ್ತು. ಭಾವ ಮಾತು ನಿಲ್ಲಿಸಿದರು.

“ಎಂತ, ನೆಟ್‌ವರ್ಕ್ ಹೋಯ್ತಾ? ಸರಿಯಾಗಿ ಕಾಣ್ತದಾ ನಿಮಗೆ?”

“ಅದು ಸಾಕು. ಕ್ಯಾಮೆರಾ ತಿರುಗಿಸು.”

“ಯಾವ ಕಡೆಗೆ?”

“ನಿನ್ನ ಕಡೆಗೆ.”

ಅಕ್ಕನ ಮುಖ ಬಂತು. ಬೆವರಿದ ಹಣೆ, ಜಾರಿದ ಕನ್ನಡಕ. ಭಾವ ಅದನ್ನು ನೋಡಿದ ಹಾಗೆ ಪೊಂಪೈಯ ಯಾವ ಚಿತ್ರವನ್ನೂ ನೋಡಿದ್ದು ನಾನು ಕಂಡಿಲ್ಲ.

“ಬೆಟ್ಟ ಕಾಣ್ತದಾ ಅಲ್ಲಿಂದ? ಹೊಗೆ ಗಿಗೆ ಏನಾದ್ರೂ ಉಂಟಾ?”

“ಎಂತ ಹೊಗೆಯೂ ಇಲ್ಲ. ಇನ್ನೂ ಅರ್ಧ ಊರು ಬಾಕಿ ಉಂಟಲ್ಲ, ನೀವು ನೋಡುವುದು ಬೇಡ್ವಾ?”

“ನನಗೆ ನೋಡಿ ಆಯ್ತು. ಸಮುದ್ರದ ಕಡೆಯ ಬಾಗಿಲಿಂದ ಹೊರಗೆ ಬಾ. ಹೊರಗೆ ಬರುವ ತನಕ ಫೋನ್ ಇಡ್ಬೇಡ.”

ಅಕ್ಕ ನಡೆದಳು. ಎಡಕ್ಕೆ, ಬಲಕ್ಕೆ, ಮೆಟ್ಟಿಲು, ನಿಧಾನ ಎನ್ನುತ್ತ ಭಾವ ಅವಳನ್ನು ಆ ಊರಿನಿಂದ ಹೊರಗೆ ಕರೆತಂದರು. ದಾರಿಯಲ್ಲಿ ಸಿಕ್ಕ ಒಂದು ಮನೆಯ ಬಗ್ಗೆಯೂ ಅವರು ಮಾತಾಡಲಿಲ್ಲ.