ಹಾಜರಾಬಿಯ ಸವಾರಿ

ಹುಬ್ಬಳ್ಳಿಯ ಗೋಪನಕೊಪ್ಪದ ತನ್ನ ಗ್ಯಾರೇಜಿನಲ್ಲಿ ಊರವರ ಗಾಡಿಗಳಿಗೆಲ್ಲ ಜೀವದಾನ ಮಾಡುವ ಕಾಸಿಮಸಾಬನ ಸ್ವಂತ ಕಾರು ಮಾತ್ರ ಮೂಲೆಯಲ್ಲಿ ಕೋಳಿಗಳ ಮಹಲಾಗಿತ್ತು. ತವರಿಗೆ ಹೊರಟ ದಿನ ಹೆಂಡತಿ ಹಾಜರಾಬಿ ಇದೇ ತಕರಾರು ತೆಗೆದಳು.

“ಮೆಕ್ಯಾನಿಕ್ಕನ ಹೆಂಡತಿ ಆಗಿ ಬಸ್ಸಿನ್ಯಾಗ ನಿಂತು ಹೊಂಟೇನಿ. ಆಣಿ ಮಾಡಿ ಹೇಳತೇನಿ, ಇನ್ನ ನಮ್ಮ ಗಾಡ್ಯಾಗ ಕೂತು ಬಂದ್ರನ ಈ ಮನಿ ಹೊಸ್ತಿಲಾ ತುಳಿಯಾಕಿ.”

“ಹೋಗು, ಹೋಗು. ನನಗೂ ಒಂದೀಟು ಆರಾಮ ಸಿಗತೈತಿ,” ಎಂದರು ಸಾಹೇಬರು.

ಆರಾಮ ಅದೇ ಸಂಜೆಗೆ ಮುಗಿಯಿತು. ತಾನೇ ಮಾಡಿಕೊಂಡ ಚಹಾ ಗಂಟಲಿಗೆ ಇಳಿಯಲಿಲ್ಲ. “ಟಾವೆಲ್ ಎಲ್ಲೈತಿ?” ಎಂದು ಕೂಗಿದರೆ “ನಿಮ್ಮ ಹೆಗಲ ಮ್ಯಾಲ” ಎನ್ನುವವರಿಲ್ಲ. ಬಯ್ಯುವವರಿಲ್ಲದ ಮನೆಯಲ್ಲಿ ಹೇಗಪ್ಪಾ ಇರುವುದು ಎಂದು ಅವನಿಗೆ ಅಳುವೇ ಬಂತು. ಫೋನ್ ಮಾಡಿದರೆ ಅವಳ ತವರು ಉಪ್ಪಿನಬೆಟಗೇರಿಯಿಂದ ಒಂದೇ ಪ್ರಶ್ನೆ: “ಗಾಡಿ ಚಾಲೂ ಆತೇನ್ರಿ?”

ಕಡೆಗೆ ಗಿರಾಕಿಗಳ ಕೆಲಸ ಬದಿಗಿಟ್ಟು ತನ್ನ ಕಾರಿನ ಮೇಲೆ ದಂಡೆತ್ತಿ ಹೋದ. ಕೋಳಿಗಳನ್ನು ಓಡಿಸಿದ. ಬಾನೆಟ್ ಇಳಿಸಿದ, ರೇಡಿಯೇಟರ್ ತೆಗೆದ, ವೈರು ಬಿಡಿಸಿದ. ತುಕ್ಕು ಹಿಡಿದ ಬೋಲ್ಟುಗಳಿಗೆ ಎಣ್ಣೆ ಬಿಟ್ಟು, ಮುನಿದ ಹೆಂಡತಿಯನ್ನು ರಮಿಸುವಷ್ಟೇ ತಾಳ್ಮೆಯಿಂದ ಒಂದೊಂದಾಗಿ ಸಡಿಲಿಸಿದ. ಚೈನ್‌ಪುಲ್ಲಿ ಎಳೆದಾಗ ಎಂಜಿನ್ ಮೆಲ್ಲಗೆ ಮೇಲೆದ್ದು ತೊಲೆಗೆ ಜೋತುಬಿತ್ತು.

“ಯಾವಾಗ ಮುಗೀತೈತಿ ಕಾಸಿಮಭಾಯಿ?” ಎಂದ ಎದುರಿನ ಪಾನಂಗಡಿಯ ಅಬ್ದುಲಮಜೀದ.

“ಇನ್ನೊಂದು ವಾರ ಬೇಕು.”

“ಅಲ್ಲೀತನಕ ಹೆಂಡ್ತಿ ಬಿಟ್ಟು ಇರತೀರೇನ ನೀವು?”

ಅಷ್ಟರಲ್ಲಿ ಆಟೋದಿಂದ ಹಾಜರಾಬಿಯೇ ಇಳಿದಳು.

“ಚಾಳೀಸು ಮರತಿದ್ದೆ. ಒಯ್ಯಾಕ ಬಂದೇನಿ.”

ಕನ್ನಡಕ ಅವಳ ಮೂಗಿನ ಮೇಲೆಯೇ ಇತ್ತು. (ಅದನ್ನು ಬಾಯಿಬಿಟ್ಟು ಹೇಳುವಷ್ಟು ದಡ್ಡನಲ್ಲ ಕಾಸಿಮಸಾಬ.)

“ಮನಿಗೆ ನಡಿ, ಹಾಜರಾ.”

“ಹೆಂಗ ನಡೀಲಿ? ಆಣಿ ಮಾಡೇನಲ್ಲ. ಗಾಡಿ ಎಲ್ಲೈತಿ?”

ಅವನು ಮೇಲೆ ನೇತಾಡುವ ಎಂಜಿನನ್ನೂ ಕೆಳಗೆ ಬಾಯಿ ತೆರೆದು ನಿಂತ ಕಾರನ್ನೂ ನೋಡಿದ. ಅವಳೂ ನೋಡಿದಳು. ಆಮೇಲೆ ಹಿಂದಿನ ಬಾಗಿಲು ತೆಗೆದು, ಸೀಟಿನ ಮೇಲಿನ ಕೋಳಿಪುಕ್ಕ ಕೊಡವಿ, ಮಹಾರಾಣಿಯಂತೆ ಕುಳಿತಳು.

“ಗಾಲಿ ನಾಕೂ ಅದಾವಲ್ಲ. ನಡೀಲಿ.”

ಎಂಜಿನ್ ತೊಲೆಯಲ್ಲೇ ಉಳಿಯಿತು. ಕಾರು ಹಿಂದಕ್ಕೆ ಸರಿದು ಓಣಿಗಿಳಿಯಿತು. ಒಂದು ಕೈ ಸ್ಟೇರಿಂಗಿಗೆ, ಹೆಗಲು ಬಾಗಿಲಿಗೆ ಕೊಟ್ಟು ಹುಬ್ಬಳ್ಳಿಯ ಹೆಸರಾಂತ ಮೆಕ್ಯಾನಿಕ್ ಓಣಿಯ ತುದಿಯ ಮನೆಯವರೆಗೂ ತಳ್ಳಿದ. ಹೆಂಗಸರೆಲ್ಲ ಬಾಗಿಲಿಗೆ ಬಂದರು.

“ಎವರೇಜ್ ಎಷ್ಟು ಕೊಡತೈತಿ?” ಎಂದು ಅಬ್ದುಲಮಜೀದ ಕೂಗಿದ.

“ಒಂದ ಕಪ್ ಚಹಾಕ್ಕ ಒಂದ ಓಣಿ,” ಎಂದಳು ಹಾಜರಾಬಿ, ಕಿಟಕಿಯಿಂದ.

ಹೊಸ್ತಿಲೆದುರು ಇಳಿದು ಒಳಗೆ ಹೋಗಿ ಚಹಾಕ್ಕಿಟ್ಟಳು. ಅವನು ಕಟ್ಟೆಯ ಮೇಲೆ ಕುಸಿದು ಕುಳಿತು ಬೆವರೊರೆಸಿಕೊಳ್ಳಲು ತಡಕಾಡಿದ.

“ಹಾಜರಾ, ಟಾವೆಲ್ ಎಲ್ಲೈತಿ?”

“ನಿಮ್ಮ ಹೆಗಲ ಮ್ಯಾಲ.”

ಅವನ ಕಣ್ಣು ತುಂಬಿ ಬಂತು. ಇದೊಂದು ಮಾತಿಗಾಗಿ ಇನ್ನೊಂದು ಓಣಿ ಬೇಕಾದರೂ ತಳ್ಳಬಹುದು ಎನಿಸಿತು.

“ಕೇಳ್ರಿ ಇಲ್ಲೆ,” ಎಂದಳು ಅವಳು ಒಳಗಿಂದ. “ಎಂಜಿನ್ ಹಾಕಾಕ ಗಡಬಡಿ ಮಾಡಬ್ಯಾಡ್ರಿ. ಗಾಡಿ ಸಪ್ಪಳಿಲ್ಲದ ಛಲೋ ಓಡತೈತಿ. ಅಮರಗೋಳಕ್ಕ ಐದಾರು ಕಿಲೋಮೀಟರ್ ಅಷ್ಟ, ನಾಳೆ ನಮ್ಮ ತಂಗಿ ನಜ್ಮಾನ ಮನಿಗೆ ಹೋಗೂಣು.”